ನೀಲಿ ಬಕೆಟ್ಟಿನ ಮಡಿ

ಹರಿಪ್ರಿಯಾ ಮದುವೆಯಾಗಿ ಮಳವಳ್ಳಿಯಿಂದ ಮದ್ದೂರಿಗೆ ಬಂದ ದಿನ, ಅವಳು ಸೇರು ಒದ್ದು ಒಳಗೆ ಬಂದಳು. ಹಿಂದೆಯೇ ಅವಳ ತಮ್ಮ ವಿಷ್ಣು ಒದ್ದೆ ಟವೆಲ್ಲು ಸುತ್ತಿದ ದೊಡ್ಡ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಅತ್ತೆ ಸರಸಮ್ಮ ಅದನ್ನು ಬೀಗರ ಮನೆಯ ಉಪ್ಪಿನಕಾಯಿ ಎಂದೇ ತಿಳಿದು, ಇಸಿದುಕೊಂಡು ಹೋಗಿ ಅಡುಗೆಮನೆಯ ನಾಗಂದಿಗೆಯ ಮೇಲೆ ಇಟ್ಟುಬಿಟ್ಟರು. ಸಂಜೆ ಎಲೆ ಹಾಕುವ ಹೊತ್ತಿಗೆ ಟವೆಲ್ಲು ಬಿಚ್ಚಿ ನೋಡಿದರೆ ಒಳಗೆ ನೀರು, ನೀರಿನಲ್ಲಿ ಪಾಚಿ, ಪಾಚಿಯ ಮೇಲೆ ಒಣಮೆಣಸಿನಕಾಯಿ ಚೂರಿನಂಥ ಕೆಂಪು ಹುಳಗಳು ಓಡಾಡುತ್ತಿದ್ದವು.

"ಏನೇ ಇದು, ಹುಳ?" ಎಂದರು ಸರಸಮ್ಮ.

"ಹುಳ ಅಲ್ಲ ಅತ್ತೆ, ಸೀಗಡಿ. ನಾನೇ ಸಾಕಿರೋದು," ಎಂದಳು ಹೊಸ ಸೊಸೆ, ತಲೆ ತಗ್ಗಿಸಿಕೊಂಡು.

ಹುಳ ಎಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮಾವ, ಪುರೋಹಿತ ಪಾರ್ಥಸಾರಥಿಯವರ ಮನೆಯಲ್ಲಿ ಸೀಗಡಿ ಎಂದರೆ ಕೇಳಿದವರು ಏನೆಂದುಕೊಂಡಾರು? ನಿಡಘಟ್ಟದಿಂದ ಹನಕೆರೆಯವರೆಗೆ ಗೃಹಪ್ರವೇಶವಾಗಲಿ, ಶ್ರಾದ್ಧವಾಗಲಿ, ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಸರಸಮ್ಮ ಆ ರಾತ್ರಿಯೇ ನಾಗಂದಿಗೆಯನ್ನು ತೊಳೆದು, ಗೋಮೂತ್ರ ಚಿಮುಕಿಸಿ, ಮತ್ತೆ ತೊಳೆದರು. ಮಗ ಕೃಷ್ಣಪ್ರಸಾದ್ ಇಂಥ ಹೊತ್ತಿನಲ್ಲಿ ಗಂಡುಮಕ್ಕಳು ಮಾಡುವುದನ್ನೇ ಮಾಡಿದ. ಏನೋ ತರಬೇಕೆಂದು ಅಂಗಡಿಗೆ ಹೋದ. ಕೊನೆಗೆ ಪಾರ್ಥಸಾರಥಿಯವರೇ ಊಟದ ಎಲೆಯ ಮುಂದೆ ಕೂತು, "ಅವೇನು ಅಡುಗೆಗೆ ಬಂದವಲ್ಲವಲ್ಲ. ಬದುಕೋಕೆ ಬಂದಿವೆ. ಹಜಾರದಲ್ಲಿ ಇದ್ಕೊಂಡಿರಲಿ ಬಿಡೆ," ಎಂದು ತೀರ್ಪು ಕೊಟ್ಟರು.

ಹೀಗೆ ಆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಹಜಾರದ ಕಿಟಕಿಯ ಕೆಳಗೆ ಹರಿಪ್ರಿಯಾಳ ಗಾಜಿನ ತೊಟ್ಟಿ. ಅದರೊಳಗೆ ಮರಳು, ಪಾಚಿ, ಗುಳುಗುಳು ಎನ್ನುವ ಒಂದು ಗಾಳಿ ಮೋಟರು. ಅದು ನಡುಮನೆಯ ಹೊಸ್ತಿಲು ದಾಟಕೂಡದು, ಬಂದವರ ಮುಂದೆ ಸೀಗಡಿ ಎಂಬ ಮಾತು ಎತ್ತಕೂಡದು, ಕೇಳಿದರೆ ಬಣ್ಣದ ಮೀನು ಎನ್ನಬೇಕು. ಹೊಸ್ತಿಲಿನಿಂದ ಒಳಗೆ ಸರಸಮ್ಮನ ರಾಜ್ಯ. ಅಲ್ಲಿ ದೇವರ ಮನೆಯ ಮೂಲೆಯಲ್ಲಿ ತಾಮ್ರದ ಕೊಡಪಾನ ಇತ್ತು. ಸರಸಮ್ಮನ ತವರಿನಿಂದ ಬಂದದ್ದು. ದಿನಾ ಬೆಳಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಹಿತ್ತಲ ಬಾವಿಯಿಂದ ನೀರು ಸೇದಿ ಅವರು ಅದನ್ನು ತುಂಬುತ್ತಿದ್ದರು. ಮನೆಮಂದಿಯೆಲ್ಲ ಕುಡಿಯುತ್ತಿದ್ದುದು ಅದನ್ನೇ. ಅದಕ್ಕೆ ಬೇರೆಯವರ ಕೈ ಸೋಕುವಂತಿರಲಿಲ್ಲ, ಸೊಸೆಯದ್ದೂ.

ಹರಿಪ್ರಿಯಾಗೆ ಮಂಡ್ಯದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ. ಬೆಳಗಿನ ರೈಲಿಗೆ ಹೋದರೆ ಸಂಜೆಯೇ ಬರುವುದು. ಕೃಷ್ಣಪ್ರಸಾದ್ ತನ್ನ ಕೆಲಸಕ್ಕೆ, ಪಾರ್ಥಸಾರಥಿಯವರು ಯಾರದೋ ಮನೆಯ ಹೋಮಕ್ಕೆ. ಹಗಲಿಡೀ ಮನೆಯಲ್ಲಿ ಉಳಿಯುತ್ತಿದ್ದವರು ಸರಸಮ್ಮ ಮತ್ತು ಆ ತೊಟ್ಟಿ. ಮೊದಮೊದಲು ಅವರು ಅದಕ್ಕೆ ಬೆನ್ನು ಹಾಕಿ ಕೂತು ಟೀವಿ ನೋಡಿದರು. ಆಮೇಲೆ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಮಾತ್ರ ಆ ಕಡೆ ಕಣ್ಣು ಹಾಯಿಸಿದರು. ಆಮೇಲಾಮೇಲೆ ಧಾರಾವಾಹಿಯಲ್ಲಿ ಯಾರು ಯಾರನ್ನು ಬಿಟ್ಟರು ಎಂಬುದೇ ಮರೆತುಹೋಗತೊಡಗಿತು.

ಒಂದು ಮಧ್ಯಾಹ್ನ ಮರಳಿನ ಮೇಲೆ ಒಂದು ಸೀಗಡಿ ಬಿಳಿಚಿಕೊಂಡು ಬಿದ್ದಿತ್ತು. ಸರಸಮ್ಮ ಟೀವಿ ಆರಿಸಿ ಬಂದು ಗಾಜಿಗೆ ಮುಖ ಒತ್ತಿ ನೋಡಿದರು. ಒಂದು ಹುಳಕ್ಕೆ ಇಷ್ಟು ಮರುಗುವುದೇ ಎಂದು ತಮ್ಮ ಮೇಲೇ ಸಿಟ್ಟೂ ಬಂತು. ಸಂಜೆ ಸೊಸೆ ಬಂದವಳು ನೋಡಿ ನಕ್ಕಳು.

"ಸತ್ತಿಲ್ಲ ಅತ್ತೆ. ಮೈ ಬೆಳೆದಾಗ ಹಳೇ ಚಿಪ್ಪು ಬಿಚ್ಚಿಟ್ಟು ಬರುತ್ತೆ. ಇದು ಬರೀ ಚಿಪ್ಪು. ಆಗ ಅದರ ಮೈ ಮೆತ್ತಗಿರುತ್ತಲ್ಲ, ಗಟ್ಟಿಯಾಗೋವರೆಗೂ ಎಲ್ಲಾದ್ರೂ ಬಚ್ಚಿಟ್ಕೊಂಡಿರುತ್ತೆ."

ಸರಸಮ್ಮ ಸೊಸೆಯ ಮುಖ ನೋಡಿದರು. ಬಂದ ಹೊಸತರಲ್ಲಿ ಈ ಹುಡುಗಿಯೂ ಹಾಗೆಯೇ ಕೋಣೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಾವು ಅದನ್ನು ಜಂಬ ಎಂದುಕೊಂಡಿದ್ದರು. ಆ ದಿನ ಅವರು ಸೊಸೆ ಕೇಳದಿದ್ದರೂ ಅವಳಿಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

ಆಮೇಲಿಂದ ಸರಸಮ್ಮ ಸೀಗಡಿಗಳ ವಕಾಲತ್ತು ವಹಿಸಿದರು. ಅವು ತಿನ್ನುವುದು ಬೇಯಿಸಿದ ಸೊಪ್ಪು, ಸೌತೆಕಾಯಿ, ಒಣಗಿದ ಕಾಡುಬಾದಾಮಿ ಎಲೆ. ತಿಂದಾದ ಮೇಲೆ ಮುಂದಿನ ಪುಟ್ಟ ಕೈಗಳಿಂದ ಮೀಸೆ ತೀಡಿ, ಕಣ್ಣು ಒರೆಸಿ, ಬೆನ್ನು ಉಜ್ಜಿ, ದಿನವಿಡೀ ಮೈ ತೊಳೆದುಕೊಳ್ಳುತ್ತವೆ. "ನಿಮಗಿಂತ ಹೆಚ್ಚು ಮಡಿ ಇವು," ಎಂದು ಅವರು ಗಂಡನಿಗೆ ಹೇಳಿದರು. ಪಾರ್ಥಸಾರಥಿಯವರು ಪಂಚಾಂಗದಿಂದ ತಲೆ ಎತ್ತದೆ, "ಹಾಗಾದ್ರೆ ಮುಂದಿನ ಹೋಮಕ್ಕೆ ಅವನ್ನೇ ಕಳಿಸು," ಎಂದರು.

ಚಿಕ್ಕರಸಿನಕೆರೆಯಿಂದ ಬಸ್ಸಿನಲ್ಲಿ ಸೊಪ್ಪು ತರುತ್ತಿದ್ದ ಚಲುವಮ್ಮ ಒಮ್ಮೆ ಜಗಲಿಯಿಂದ ಇಣುಕಿ ನೋಡಿದಳು. ಬಣ್ಣದ ಮೀನಿನ ಕತೆ ಅವಳ ಮುಂದೆ ನಡೆಯುವಂತಿರಲಿಲ್ಲ.

"ಇದೇನ್ ಅಮ್ಮಾರೆ, ಸೀಗ್ಡಿ ಸಾಕಂಡಿದ್ದೀರಿ? ನಮ್ಮಟ್ಟೀಲಾಗಿದ್ರೆ ಇಷ್ಟೊತ್ಗೆ ಎಸ್ರಾಗ್ಬುಡೋವು."

"ಬಾಯಿ ಮುಚ್ಚೇ, ಕೇಳಿಸ್ಕೊಂಡಾವು," ಎಂದರು ಸರಸಮ್ಮ. ಆದರೆ ಮರುದಿನದಿಂದ ಚಲುವಮ್ಮನೇ ಎಳೆ ಪಾಲಕ್ ಸೊಪ್ಪಿನ ಎರಡೆಸಳು ಬೇರೆ ತೆಗೆದು, "ನಿಮ್ ಮಕ್ಳಿಗೆ ಇದು," ಎಂದು ಕೊಟ್ಟು ಹೋಗತೊಡಗಿದಳು.

ಬೇಸಿಗೆ ಕಾಲಿಟ್ಟ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಸೀಗಡಿಯ ಹೊಟ್ಟೆಯ ಕೆಳಗೆ ಸಾಸಿವೆಯಂಥ ಮೊಟ್ಟೆಗಳ ಗೊಂಚಲು ಕಾಣಿಸಿತು. ಸರಸಮ್ಮ ಅದಕ್ಕೆ ಆಗಲೇ ಕೆಂಪಿ ಎಂದು ಹೆಸರಿಟ್ಟಿದ್ದರು. ಕೆಂಪಿ ಒಂದು ಘಳಿಗೆ ಬಿಡದೆ ಹೊಟ್ಟೆಯಡಿಯ ಕಾಲುಗಳನ್ನು ಆಡಿಸಿ ಮೊಟ್ಟೆಗಳಿಗೆ ಗಾಳಿ ಬೀಸುತ್ತಿದ್ದಳು. ತೊಟ್ಟಿಯಲ್ಲಿ ಹುಟ್ಟುವ ಮೊದಲ ಸಂಸಾರ ಅದು. ಮಳವಳ್ಳಿಯಿಂದ ಬಂದ ಮೇಲೆ ಇಲ್ಲಿಯ ನೀರಿಗೆ ಒಗ್ಗಿ ಇವು ಮರಿ ಮಾಡುವುದನ್ನೇ ಹರಿಪ್ರಿಯಾ ಕಾಯುತ್ತಿದ್ದಳು. "ಮರಿ ಮಾಡಿದ್ರೆ ಇದು ನಮ್ಮ ಮನೆ ಅಂತ ಒಪ್ಪಿಕೊಂಡ ಹಾಗೆ ಅತ್ತೆ," ಎಂದು ಒಮ್ಮೆ ಅಂದಿದ್ದಳು. ಅಂದವಳು ಸೀಗಡಿಯ ಮಾತನ್ನಷ್ಟೇ ಆಡುತ್ತಿದ್ದಳೆಂದು ಸರಸಮ್ಮನಿಗೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಕಚೇರಿಯವರು ಅವಳನ್ನು ಮೈಸೂರಿಗೆ ತರಬೇತಿಗೆ ಹಾಕಿದರು. ಹೋಗುವ ಹಿಂದಿನ ಸಂಜೆ ಅವಳು ಅತ್ತೆಯನ್ನು ತೊಟ್ಟಿಯ ಮುಂದೆ ಕೂರಿಸಿಕೊಂಡಳು.

"ನಾನು ಬರೋವರೆಗೂ ಇವನ್ನ ನೀವೇ ನೋಡ್ಕೋಬೇಕು ಅತ್ತೆ."

"ನಿನ್ನ ಗಂಡನಿಗೆ ಹೇಳಮ್ಮ. ನನಗೇನು ಗೊತ್ತಾಗುತ್ತೆ?"

"ಅವರ ಕೈಗೆ ಕೊಟ್ಟರೆ ಮರೀತಾರೆ. ನಿಮ್ಮ ಕೈಗೆ ಕೊಟ್ಟರೆ ನನಗೆ ನಿದ್ದೆ ಬರುತ್ತೆ." ಆಮೇಲೆ ಹೇಳಿಕೊಟ್ಟಳು: ಸೊಪ್ಪು ಎರಡು ದಿನಕ್ಕೊಮ್ಮೆ, ಉಗುರಿನಷ್ಟು. ಬಿಸಿಲಿಗೆ ನೀರು ಇಳಿದರೆ ಹಿತ್ತಲಿನ ನೀಲಿ ಬಕೆಟ್ಟಿನಿಂದ ಒಂದು ಮಗ್ಗು.

ಈ ಮನೆಯಲ್ಲಿ ಸೊಸೆಯದು ಎಂದು ಇದ್ದದ್ದು ಆ ತೊಟ್ಟಿ ಒಂದೇ. ಅದನ್ನೇ ಅವಳು ತಮ್ಮ ಕೈಗೆ ಕೊಟ್ಟಿದ್ದಾಳೆ. ಸರಸಮ್ಮನಿಗೆ ಹೆಮ್ಮೆಯೆಂದರೆ ಹೆಮ್ಮೆ, ಹೆದರಿಕೆಯೆಂದರೆ ಹೆದರಿಕೆ. ಕೆಂಪಿಯ ಮರಿಗಳನ್ನು ತೋರಿಸಿಯೇ ಅವಳನ್ನು ಬರಮಾಡಿಕೊಳ್ಳಬೇಕು ಎಂದು ಅವರು ಅಂದೇ ಮನಸ್ಸಿನಲ್ಲಿ ಮಾಡಿಕೊಂಡರು.

ನೀಲಿ ಬಕೆಟ್ಟಿನ ಮೇಲೆ ಮಾತ್ರ ಅವರಿಗೆ ಮೊದಲಿನಿಂದಲೂ ಕೋಪ. ಅದು ಪ್ಲಾಸ್ಟಿಕ್ಕು. ಇರುವುದು ಬಚ್ಚಲ ಬಾಗಿಲ ಪಕ್ಕ. ಬಾವಿಯ ನೀರನ್ನೇ ಹರಿಪ್ರಿಯಾ ಅದರಲ್ಲಿ ಒಂದು ದಿನ ತಂಗಲು ಬಿಡುತ್ತಿದ್ದಳು ನಿಜ, ಆದರೂ ಜಾಗ ಎಂಥದ್ದು? ಮೊದಲ ಸಲ ನೀರು ಇಳಿದಾಗ ಸರಸಮ್ಮ ಮಗ್ಗು ಹಿಡಿದು ಹೋಗಿ ಮೇಲೆ ಮುಚ್ಚಿದ್ದ ತಟ್ಟೆ ಸರಿಸಿ ನೋಡಿದರೆ, ಕೃಷ್ಣಪ್ರಸಾದ್ ಸ್ನಾನ ಮಾಡಿಹೋದ ಸೋಪಿನ ನೊರೆ ಬಕೆಟ್ಟಿನ ಅಂಚಿಗೆ ಸಿಡಿದಿತ್ತು. ಅವರಿಗೆ ತಡೆಯಲಾಗಲಿಲ್ಲ. ಬಸುರಿಗೆ ಬಚ್ಚಲ ನೀರು ಕೊಡುವುದುಂಟೇ? ಬಾಯಿಲ್ಲದ ಪ್ರಾಣಿ ಎಂದು ಏನು ಬೇಕಾದರೂ ಸುರಿಯಬಹುದೇ?

ಅವರು ನೆಟ್ಟಗೆ ದೇವರ ಮನೆಗೆ ಹೋದರು. ಕೊಡಪಾನದಿಂದ ತಾಮ್ರದ ಚೊಂಬಿನಲ್ಲಿ ನೀರು ತೆಗೆದರು. ಜೀವಮಾನದಲ್ಲಿ ಮೊದಲ ಬಾರಿಗೆ ಆ ನೀರನ್ನು ಹೊಸ್ತಿಲು ದಾಟಿಸಿ ತಂದು, ಅಲುಗದ ಹಾಗೆ ತೊಟ್ಟಿಗೆ ಬಿಟ್ಟರು. ಅವರ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ನೀರು ಇರಲಿಲ್ಲ. "ಕುಡಿಯವ್ವ, ಹೊಟ್ಟೆ ತಂಪಾಗಲಿ," ಎಂದರು ಕೆಂಪಿಗೆ. ಅಂದಿನಿಂದ ದಿನಾ ಬೆಳಗ್ಗೆ ಹೊಸ ನೀರು ತುಂಬುವ ಮುಂಚೆ, ರಾತ್ರಿಯಿಡೀ ಕೊಡಪಾನದಲ್ಲಿ ತಂಗಿದ ನೀರಿನಲ್ಲಿ ತೊಟ್ಟಿಗೂ ಒಂದು ಚೊಂಬು. ಹರಿಪ್ರಿಯಾ ದಿನಾ ಸಂಜೆ ಫೋನು ಮಾಡಿ, "ಕೆಂಪಿ ಹೇಗಿದಾಳೆ ಅತ್ತೆ?" ಎಂದು ಕೇಳುತ್ತಿದ್ದಳು. "ರಾಣಿ ಹಾಗಿದಾಳೆ," ಎನ್ನುತ್ತಿದ್ದರು ಸರಸಮ್ಮ.

ಮೊದಲು ಒಂದು ಸೀಗಡಿ ಮಗ್ಗುಲಾಗಿ ಬಿತ್ತು. ಚಿಪ್ಪು ಬಿಟ್ಟಿರಬೇಕು ಎಂದು ಸರಸಮ್ಮ ಸುಮ್ಮನಾದರು. ಸಂಜೆ ನೋಡಿದರೆ ಅದು ಬರೀ ಚಿಪ್ಪಲ್ಲ, ತುಂಬಿದ ಮೈ. ಮಾರನೆಯ ದಿನ ಇನ್ನೂ ಕೆಲವು. ಉಳಿದವು ಸೊಪ್ಪನ್ನು ಮೂಸಿಯೂ ನೋಡದೆ ಗಾಜಿನ ಮೂಲೆ ಹಿಡಿದು ನಿಂತಿದ್ದವು. ಮೈ ತೊಳೆದುಕೊಳ್ಳುವುದನ್ನೇ ನಿಲ್ಲಿಸಿದ್ದವು. ಸರಸಮ್ಮ ಒಂದೊಂದನ್ನೇ ಲೆಕ್ಕ ಹಾಕಿದರು. ಸೊಪ್ಪನ್ನು ಬಿಟ್ಟರೆ ಹೊರಗಿನದು ಏನೂ ಒಳಗೆ ಬಿದ್ದಿಲ್ಲ. ಹಾಗಾದರೆ ಸೊಪ್ಪಿನದೇ ಕೆಲಸ.

ಚಲುವಮ್ಮ ಬಂದದ್ದೇ ತಡ, ಜಗಲಿಯಲ್ಲೇ ನಿಲ್ಲಿಸಿ ಕೇಳಿದರು. "ಔಷಧಿ ಹೊಡೆದ ಸೊಪ್ಪು ತಂದುಕೊಟ್ಯಲ್ಲೇ. ನಿನ್ನನ್ನ ನಂಬಿದ್ದಕ್ಕೆ ಇದಾ?"

ಚಲುವಮ್ಮನ ಮುಖ ಕಪ್ಪಿಟ್ಟಿತು. "ಔಸ್ದಿ ಒಡ್ದಿರ ಸೊಪ್ಪ ನಿಮ್ಗ್ ತಂದ್ಕೊಟ್ಟೀನಾ ಅಮ್ಮಾರೆ? ನಮ್ ಮೊಮ್ಮಕ್ಳಿಗೆ ಬೇಯ್ಸಿಕ್ಕೋ ಸೊಪ್ನೇ ನಿಮ್ಗೂ ತರೋದು. ನಂಬ್ಕೆ ಇಲ್ದಿದ್ಮೇಲೆ ನಾನ್ ಈ ಬೀದಿಗ್ ಬರಾಕಿಲ್ಲ ಬುಡಿ." ಬುಟ್ಟಿ ತಲೆಗೆ ಏರಿಸಿಕೊಂಡು ಹೋದವಳು ಹಿಂತಿರುಗಿ ನೋಡಲಿಲ್ಲ.

ಸೊಪ್ಪಿನ ವಿಷ ತೊಳೆದುಹೋಗಲಿ ಎಂದು ಸರಸಮ್ಮ ತೊಟ್ಟಿಯ ನೀರು ತೆಗೆದು ತೆಗೆದು ಕೊಡಪಾನದ ನೀರನ್ನೇ ಇನ್ನಷ್ಟು ಸುರಿದರು. ಮರುದಿನ ಕೆಂಪಿಯ ಹೊಟ್ಟೆಯಡಿ ಬರಿದಾಗಿತ್ತು. ಮೊಟ್ಟೆಗಳೆಲ್ಲ ಮರಳಿನ ಮೇಲೆ ಉದುರಿದ್ದವು. ಅವಳು ಅವುಗಳ ಪಕ್ಕದಲ್ಲೇ ಕಾಲು ಮಡಚಿ ಕೂತಿದ್ದಳು. ಆ ಸಂಜೆ ಫೋನು ಬಂದಾಗ ಸರಸಮ್ಮ, "ಚೆನ್ನಾಗಿದಾಳಮ್ಮ," ಎಂದುಬಿಟ್ಟರು. ಹೇಳಿ ಫೋನಿಟ್ಟು ಸೆರಗು ಬಾಯಿಗಿಟ್ಟುಕೊಂಡರು.

ತರಬೇತಿ ಮುಗಿಸಿ ಬಂದ ಹರಿಪ್ರಿಯಾ ಹೆಗಲಿನ ಬ್ಯಾಗು ಕೂಡ ಇಳಿಸದೆ ತೊಟ್ಟಿಯ ಮುಂದೆ ಕೂತಳು. ಬೆರಳೆಣಿಕೆಯಷ್ಟು ಉಳಿದಿದ್ದವು, ಅವುಗಳಲ್ಲಿ ಕೆಂಪಿಯೂ ಒಂದು. ಸರಸಮ್ಮ ಪಕ್ಕದಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದರು: ಚಲುವಮ್ಮನ ಸೊಪ್ಪು, ಔಷಧಿ, ತಾವು ಮಾಡಿದ ಉಪಚಾರ.

"ನೀರು ಯಾವುದು ಹಾಕ್ತಿದ್ರಿ ಅತ್ತೆ?"

"ಅದರಲ್ಲಿ ನಾನು ತಪ್ಪಲಿಲ್ಲಮ್ಮ. ನಿನ್ನ ಬಕೆಟ್ಟಿಗೆ ಸೋಪು ಸಿಡಿದಿತ್ತು, ಅದನ್ನ ಮುಟ್ಟಲೇ ಇಲ್ಲ. ದೇವರ ಮನೆ ಕೊಡಪಾನದ್ದೇ, ದಿನಾ, ಮಡೀಲಿ ತಂದು ಹಾಕಿದೀನಿ."

ಹರಿಪ್ರಿಯಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿದಳು. ತೆರೆದ ಬಾಯಿ ಮುಚ್ಚಿಕೊಂಡಳು. ಆಮೇಲೆ ನಿಧಾನವಾಗಿ, "ಕರೆಂಟು ಹೋಗಿರಬೇಕು ಅತ್ತೆ. ಗಾಳಿ ಮೋಟರು ನಿಂತರೆ ಹೀಗಾಗುತ್ತೆ. ಯಾರ ತಪ್ಪೂ ಅಲ್ಲ," ಎಂದಳು.

"ಮತ್ತೆ ಸೊಪ್ಪು?"

"ಸೊಪ್ಪಿಂದ ಅಲ್ಲ. ಪಾಪ, ಚಲುವಮ್ಮನ್ನ ಏನೂ ಅನ್ನಬೇಡಿ."

ಅವಳು ಬಕೆಟ್ಟನ್ನು ತೊಳೆದು ಹೊಸದಾಗಿ ಬಾವಿ ನೀರು ಸೇದಿದಳು. ಉಳಿದ ಸೀಗಡಿಗಳನ್ನು ಪ್ಲಾಸ್ಟಿಕ್ಕಿನ ಟಬ್ಬಿಗೆ ತೆಗೆದು, ಆ ನೀರನ್ನು ಹನಿಹನಿಯಾಗಿ ಕೂಡಿಸಿದಳು. ತೊಟ್ಟಿಯ ನೀರು, ಮರಳು ಎಲ್ಲವನ್ನೂ ಚೆಲ್ಲಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನಲ್ಲಿಯ ಸದ್ದು ಎಷ್ಟೇ ಜೋರಿದ್ದರೂ ಹೆಣ್ಣು ಅಳುವುದು ಇನ್ನೊಂದು ಹೆಣ್ಣಿಗೆ ಕೇಳದೆ ಇರುವುದಿಲ್ಲ. ಸರಸಮ್ಮ ಬಚ್ಚಲ ಬಾಗಿಲಿಗೆ ಒಂದು ಒಣ ಟವೆಲ್ಲು ಸಿಕ್ಕಿಸಿ ಬಂದರು.

ಅವರಿಗೆ ಒಂದು ಮಾತು ಮಾತ್ರ ಹೊಂದಲಿಲ್ಲ. ಕರೆಂಟು ಹೋಗಿರಲಿಲ್ಲ. ಇಡೀ ದಿನ ಆ ಗುಳುಗುಳು ಸದ್ದಿನ ಪಕ್ಕದಲ್ಲೇ ಕೂತವರಿಗೆ ಅದು ನಿಂತರೆ ಗೊತ್ತಾಗದೇ? ಹುಡುಗಿಗೆ ಅಂದಾಜು ತಪ್ಪಿರಬೇಕು ಎಂದುಕೊಂಡರು. ಆದರೆ ಮನಸ್ಸು ಅಲ್ಲಿಗೆ ಬಿಡಲಿಲ್ಲ.

ಶುಕ್ರವಾರ ದೇವರ ಪಾತ್ರೆ ತೊಳೆಯುವ ದಿನ. ಸರಸಮ್ಮ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಕಿವುಚಿ ಕೊಡಪಾನದ ಒಳಗೆ ಕೈ ಹಾಕಿ ಉಜ್ಜಿದರು. ಕೈ ಹೊರತೆಗೆದರೆ ಹುಣಸೆಹಣ್ಣು ಹಸಿರುಗಟ್ಟಿತ್ತು. ಕಿಲುಬು. ಪ್ರತಿ ವಾರ ನೋಡುವ ಬಣ್ಣವೇ. ಆದರೆ ಆವತ್ತು ಕೈ ಹಾಗೆಯೇ ನಿಂತಿತು.

ತಾಮ್ರದಲ್ಲಿ ಮಜ್ಜಿಗೆ ಇಡಬಾರದು, ಹುಳಿ ಇಡಬಾರದು, ಕಲಾಯಿ ಹಾಕಿಸದೆ ಅಡುಗೆ ಮಾಡಬಾರದು. ಲಂಗ ಉಡುವ ವಯಸ್ಸಿನಲ್ಲೇ ಅವರ ಅಮ್ಮ ಹೇಳಿಕೊಟ್ಟದ್ದು. ತಾಮ್ರ ಬಿಡುತ್ತದೆ. ನೀರಿಗೂ ಒಂದಿಷ್ಟು ಬಿಡುತ್ತದೆ. ಒಳ್ಳೆಯದೆಂದೇ ಅದನ್ನು ಕುಡಿಯುವುದು. ಆಳೆತ್ತರದ ಮನುಷ್ಯನಿಗೆ ಒಂದು ಲೋಟ ಒಳ್ಳೆಯದಿರಬಹುದು. ಅಕ್ಕಿಕಾಳಿನಷ್ಟು ಮೈಯ ಜೀವ ಹಗಲೂ ರಾತ್ರಿ ಅದರಲ್ಲೇ ಮುಳುಗಿದ್ದರೆ? ಒಂದು ಚೊಂಬಿನ ಮೇಲೆ ಒಂದು ಚೊಂಬು?

ಹರಿಪ್ರಿಯಾ ಬಾಯಿ ತೆರೆದು ಮುಚ್ಚಿದ್ದು ಆಗ ಅರ್ಥವಾಯಿತು. ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಗೊತ್ತಾದ ಮೇಲೂ, ಮಡಿಯಲ್ಲಿ ತಂದು ಹಾಕಿದೆ ಎಂದು ಜಂಬ ಕೊಚ್ಚುತ್ತ ನಿಂತ ಅತ್ತೆಯ ಮುಖ ನೋಡಿ, ತಪ್ಪನ್ನು ಹೋಗದ ಕರೆಂಟಿನ ಮೇಲೆ ಹಾಕಿಬಿಟ್ಟಿದ್ದಳು. ಸತ್ತ ಸೀಗಡಿಗಳಿಗೆ ಅಳುವುದೋ, ಸುಳ್ಳು ಹೇಳಿದ ಸೊಸೆಗೆ ಅಳುವುದೋ ತಿಳಿಯದೆ ಸರಸಮ್ಮ ಹುಣಸೆಹಣ್ಣಿನ ಕೈಯಲ್ಲೇ ಅತ್ತರು. ತಾವು ಸೊಸೆಯಾಗಿದ್ದ ಕಾಲದಲ್ಲಿ ಒಂದು ಲೋಟ ಒಡೆದರೂ ಮನೆಮಂದಿಗೆಲ್ಲ ಕೇಳುವಂತೆ ಅನ್ನಿಸಿಕೊಂಡಿದ್ದರು.

ಸಂಜೆ ರೈಲಿಳಿದು ಬಂದ ಹರಿಪ್ರಿಯಾ ಟಬ್ಬಿನ ಮುಂದೆ ಕೂತಾಗ ಅವರೂ ಬಂದು ಕೆಳಗೇ ಕೂತರು.

"ನಿನಗೆ ಗೊತ್ತಿತ್ತು, ಅಲ್ವೇನೇ?"

"ಏನು ಅತ್ತೆ?"

"ತಾಮ್ರ."

ಹರಿಪ್ರಿಯಾ ಸೆರಗಿನ ಅಂಚು ತಿರುಚುತ್ತ ಕೂತಳು. "ನನ್ನದೂ ತಪ್ಪಿದೆ ಅತ್ತೆ. ತಾಮ್ರ ಆಗಲ್ಲ ಅಂತ ನಾನು ಹೇಳಿಹೋಗಬೇಕಿತ್ತು. ನನಗೇ ಮುಟ್ಟೋಕೆ ಕೊಡದ ಕೊಡಪಾನದ ನೀರನ್ನ ಅವಕ್ಕೆ ಹಾಕ್ತೀರಿ ಅಂತ ನಾನು ಅಂದ್ಕೊಳ್ಳಲೇ ಇಲ್ಲ." ಅವಳು ಟಬ್ಬಿನ ಕಡೆ ನೋಡಿದಳು. "ಮನೇಲಿರೋದ್ರಲ್ಲಿ ಅತಿ ಒಳ್ಳೇ ನೀರು ಹಾಕಿದ್ರಿ. ಅದಕ್ಕೆ ಏನಂತ ಬೈಯಲಿ ನಾನು?"

ಸರಸಮ್ಮ ಹತ್ತಿರಕ್ಕೆ ಸರಿದರು. ಸೊಸೆಯ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡರು. ಆಮೇಲೆ, "ನಾಳೆಯಿಂದ ಕೊಡಪಾನ ನೀನೇ ತುಂಬು," ಎಂದರು. "ಸೊಂಟ ನೋವು ನನಗೆ." ಸೊಂಟ ಚೆನ್ನಾಗಿಯೇ ಇತ್ತು. ಈಗ ಸುಳ್ಳು ಹೇಳುವ ಸರದಿ ಅವರದು.

ಮಾರನೆಯ ಬೆಳಗ್ಗೆ ಅವರು ಬಸ್‌ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಚಲುವಮ್ಮನ ಬುಟ್ಟಿಯ ಮುಂದೆ ನಿಂತರು. "ತಪ್ಪಾಯ್ತು ಕಣೇ. ನಿನ್ನ ಸೊಪ್ಪಲ್ಲ, ನನ್ನ ಕೈಯೇ."

ಚಲುವಮ್ಮ ಬಿಗುವಾಗಿಯೇ ಸೊಪ್ಪಿನ ಮೇಲೆ ನೀರು ಚಿಮುಕಿಸಿದಳು. ಆಮೇಲೆ, "ಓಗ್ಲಿ ಬುಡಿ ಅಮ್ಮಾರೆ. ಎಷ್ಟ್ ಉಳ್ಕಂಡವೆ?" ಎಂದು ಕೇಳಿ, ಪಾಲಕ್ಕಿನ ಎರಡೆಸಳು ಆರಿಸಿ ಕೊಟ್ಟಳು.

ಬಚ್ಚಲ ಪಕ್ಕದ ನೀಲಿ ಬಕೆಟ್ಟು ಈಗ ತುಳಸಿಕಟ್ಟೆಯ ಬಳಿ ಬಂತು. ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು, ಪಕ್ಕದಲ್ಲಿ ಅದಕ್ಕೇ ಮೀಸಲಾದ ಪ್ಲಾಸ್ಟಿಕ್ ಮಗ್ಗು. ಅದನ್ನು ಮುಟ್ಟುವ ಮುಂಚೆ ಸರಸಮ್ಮ ಬೆರಳಿನ ತಾಮ್ರದ ಉಂಗುರ ತೆಗೆದಿಟ್ಟು, ಕೈ ತೊಳೆದುಕೊಳ್ಳುತ್ತಿದ್ದರು. ಮಗ ಒಮ್ಮೆ ಆ ಮಗ್ಗಿನಲ್ಲಿ ಕಾಲು ತೊಳೆಯಲು ಹೋಗಿ ಬೈಸಿಕೊಂಡ.

ಮಳೆ ಹಿಡಿಯುವ ಹೊತ್ತಿಗೆ ಸೀಗಡಿಗಳು ಮತ್ತೆ ತೊಟ್ಟಿ ಸೇರಿದ್ದವು. ಕೆಂಪಿ ಚಿಪ್ಪು ಬಿಟ್ಟಳು, ಬಚ್ಚಿಟ್ಟುಕೊಂಡಳು, ಈಚೆ ಬಂದಳು. ಒಂದು ದಿನ ಅವಳ ಹೊಟ್ಟೆಯಡಿ ಮತ್ತೆ ಸಾಸಿವೆಯ ಗೊಂಚಲು ಕಂಡಿತು. ಆ ಮೊಟ್ಟೆಗಳು ಬಲಿಯುವ ಹೊತ್ತಿಗೇ ಸರಿಯಾಗಿ ಮಳವಳ್ಳಿಯಲ್ಲಿ ಅವಳ ಒಡತಿಯ ತಮ್ಮ ವಿಷ್ಣುವಿನ ನಿಶ್ಚಿತಾರ್ಥ ಗೊತ್ತಾಯಿತು. ಹರಿಪ್ರಿಯಾ ಮುಂಚಿತವಾಗಿಯೇ ಹೋಗಬೇಕಿತ್ತು. ಚೀಲ ಹಿಡಿದು ಹೊರಟವಳು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೊಸ್ತಿಲು ಇಳಿದಳು. ತೊಟ್ಟಿಯ ಮಾತೇ ಎತ್ತಲಿಲ್ಲ.

"ಇವಕ್ಕೆ ಏನು ಮಾಡಬೇಕು ಅಂತ ಹೇಳಲ್ವೇನೇ?" ಎಂದು ಸರಸಮ್ಮನೇ ಕೇಳಿದರು.

"ನಿಮಗೆ ಗೊತ್ತಲ್ಲ ಅತ್ತೆ," ಎಂದಳು ಅವಳು, ಚಪ್ಪಲಿ ಹಾಕಿಕೊಳ್ಳುತ್ತ.

ಮೂರನೆಯ ದಿನವೋ ಏನೋ, ಸರಸಮ್ಮ ಕನ್ನಡಕ ಏರಿಸಿಕೊಂಡು ನೋಡುತ್ತಾರೆ, ಪಾಚಿಯ ಎಳೆಎಳೆಯ ಮೇಲೂ ಮರಿ. ರವೆಯ ಕಾಳಿನಷ್ಟು ಮೈ, ಆದರೆ ಮೀಸೆ, ಕಣ್ಣು, ಕೈ ಎಲ್ಲ ಅಚ್ಚುಕಟ್ಟು. ಹುಟ್ಟಿದಂದೇ ಮೈ ತೊಳೆದುಕೊಳ್ಳುತ್ತಿವೆ. ಅವರ ಕೂಗಿಗೆ ಪಾರ್ಥಸಾರಥಿಯವರು ಸಂಧ್ಯಾವಂದನೆ ಮುಗಿಸಿ, ಕೈಯಲ್ಲಿ ತಾಮ್ರದ ಪಂಚಪಾತ್ರೆ ಹಿಡಿದುಕೊಂಡೇ ಬಂದು ಬಗ್ಗಿದರು.

"ಮಕ್ಕಳಿಗೆ ಒಂದು ಹನಿ ತೀರ್ಥ ಹಾಕಲೇನೆ?"

"ಅಲ್ಲೇ ನಿಲ್ಲಿ. ಮುಟ್ಟಬೇಡಿ, ಮಡಿ," ಎಂದರು ಸರಸಮ್ಮ. ಜೀವಮಾನವಿಡೀ ಊರಿಗೆಲ್ಲ ಆ ಮಾತು ಹೇಳುತ್ತ ಬಂದಿದ್ದ ಪುರೋಹಿತರು ಪಂಚಪಾತ್ರೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ದೂರ ನಿಂತೇ ನೋಡಿದರು.

ಸಂಜೆಯಾಯಿತು. ಹೋದ ಸಲ ದಿನಾ ತಪ್ಪದೆ ಬರುತ್ತಿದ್ದ ಫೋನು ಈ ಸಲ ಬರಲೇ ಇಲ್ಲ. ಒಂದು ಮಾತು ವಿಚಾರಿಸಬಾರದೇ ಈ ಹುಡುಗಿ ಎಂದು ಗೊಣಗಿಕೊಂಡು ಸರಸಮ್ಮ ತಾವೇ ನಂಬರು ಒತ್ತಿದರು. ಆ ಕಡೆ ನೆಂಟರ ಗಲಾಟೆ.

"ಅತ್ತೆ, ಊಟ ಆಯ್ತಾ? ಕೊಡಪಾನ ನೀವೇ ಎತ್ತಬೇಡಿ, ಅವರಿಗೆ ಹೇಳಿ. ಮಾತ್ರೆ ತಗೊಂಡ್ರಾ? ಸೊಂಟ ಹೇಗಿದೆ?"

ಸರಸಮ್ಮ ಎಲ್ಲಕ್ಕೂ ಉತ್ತರ ಹೇಳಿದರು. ಇನ್ನು ಕೇಳಬಹುದು, ಇನ್ನು ಕೇಳಬಹುದು ಎಂದು ಕಾದರು. ಅವಳು ಸೀಗಡಿಯ ಬಗ್ಗೆ ಒಂದೇ ಒಂದು ಮಾತು ಕೇಳಲಿಲ್ಲ. ನಂಬಿ ಬಿಟ್ಟುಹೋದವಳು ಕೇಳುವುದಿಲ್ಲ ಎಂದು ಆಗ ಅವರಿಗೆ ಹೊಳೆಯಿತು. ಫೋನು ಹಿಡಿದೇ ತೊಟ್ಟಿಯ ಮುಂದೆ ಕೂತು ಮರಿ ಹುಟ್ಟಿದ ಸುದ್ದಿ ಹೇಳಿದರು.